ನೆರೆಯವನ ಗಾಳಿಗೆ ಕೊಡುವ ಹಣ: ದಾನವೋ, ಋಣವೋ?



ತಪ್ಪು ಮಾಡಿದವನು ನಷ್ಟವನ್ನು ತುಂಬಿಕೊಡಬೇಕು. ಧರ್ಮೋಪದೇಶದ ತರಗತಿಯಲ್ಲಿ ನಾವೆಲ್ಲರೂ ಚಿಕ್ಕಂದಿನಲ್ಲೇ ಕಲಿತ ಪಾಠವಿದು. ಕದ್ದವನು ಪಾಪನಿವೇದನೆ ಮಾಡಿದರೆ ಸಾಲದು, ಕದ್ದದ್ದನ್ನು ಹಿಂದಿರುಗಿಸಲೂ ಬೇಕು. ಜಕ್ಕಾಯನು ಯೇಸುಸ್ವಾಮಿಯ ಮುಂದೆ ನಿಂತು, ಮೋಸದಿಂದ ಪಡೆದದ್ದಕ್ಕೆ ನಾಲ್ಕರಷ್ಟು ಕೊಡುವುದಾಗಿ ಹೇಳಿದ ಪ್ರಸಂಗ ನಿಮಗೆ ತಿಳಿದೇ ಇದೆ. ಆದರೆ ನಷ್ಟ ಉಂಡವನೇ ನಷ್ಟ ಮಾಡಿದವನ ಕೈಗೆ ಹಣ ಕೊಡುವುದುಂಟೇ? "ನಿನ್ನ ಹೊಗೆ ನನ್ನ ಮನೆಗೆ ಬರುತ್ತಿದೆ, ನಿನ್ನ ಒಲೆ ಸರಿಪಡಿಸಿಕೋ, ಖರ್ಚು ನಾನು ಕೊಡುತ್ತೇನೆ" ಎಂದು ಹೇಳುವುದು ಧರ್ಮವೋ, ಮೂರ್ಖತನವೋ? ಜಗತ್ತಿನ ದೇಶಗಳ ನಡುವೆ ಈ ಪ್ರಶ್ನೆ ಕಳೆದ ಐವತ್ತು ವರ್ಷಗಳಿಂದ ನಿಜವಾಗಿಯೂ ಎದ್ದಿದೆ. ಗಾಳಿಯನ್ನು ಶುದ್ಧಗೊಳಿಸಲು, ಭೂಮಿಯ ತಾಪ ಏರದಂತೆ ತಡೆಯಲು ಒಂದು ದೇಶ ಇನ್ನೊಂದು ದೇಶಕ್ಕೆ ಅನುದಾನ ಕೊಡುತ್ತದೆ. ಪತ್ರಿಕೆಯಲ್ಲಿ ಈ ಸುದ್ದಿ ಓದಿದಾಗ ನಮ್ಮಲ್ಲಿ ಕೆಲವರಿಗೆ ಅದು ಭಿಕ್ಷೆಯಂತೆ ಕಾಣುತ್ತದೆ, ಕೆಲವರಿಗೆ ಬರಬೇಕಾದ ಬಾಕಿಯಂತೆ ಕಾಣುತ್ತದೆ. ಎರಡರಲ್ಲಿ ಯಾವುದು ಸರಿ?

ಗುರುಮಠದಲ್ಲಿ ಸಂತ ತೋಮಸ್ ಅಕ್ವಿನಾಸರನ್ನು ಓದಿದವರಿಗೆ ಒಂದು ವ್ಯತ್ಯಾಸ ನೆನಪಿರುತ್ತದೆ. ಬಡವನಿಗೆ ಭಿಕ್ಷೆ ನೀಡುವುದು ಪ್ರೀತಿಯ ಕ್ರಿಯೆ. ಅನ್ಯಾಯವಾಗಿ ಪಡೆದದ್ದನ್ನು ಹಿಂದಿರುಗಿಸುವುದು ನ್ಯಾಯದ ಕ್ರಿಯೆ. ಈ ಎರಡನ್ನೂ ಅವರು ಬೇರೆ ಬೇರೆ ಕಡೆ ಇಟ್ಟು ಚರ್ಚಿಸಿದ್ದಾರೆ, ಯಾಕೆಂದರೆ ಒಂದರ ಜಾಗದಲ್ಲಿ ಇನ್ನೊಂದನ್ನು ಇಟ್ಟರೆ ಎರಡೂ ಕೆಡುತ್ತವೆ. ಎರಡನೇ ವ್ಯಾಟಿಕನ್ ಮಹಾಸಭೆಯೂ 1965ರಲ್ಲಿ ಶ್ರೀಸಾಮಾನ್ಯ ವಿಶ್ವಾಸಿಗಳ ಪ್ರೇಷಿತ ಕಾರ್ಯವನ್ನು ಕುರಿತು ಹೇಳುವಾಗ, ನ್ಯಾಯವಾಗಿ ಸಲ್ಲಬೇಕಾದದ್ದನ್ನು ಪ್ರೀತಿಯ ಕೊಡುಗೆಯೆಂದು ಕೊಡಬಾರದೆಂದು ಎಚ್ಚರಿಸಿತು. ಕೂಲಿ ಬಾಕಿ ಇಟ್ಟುಕೊಂಡ ಯಜಮಾನ ಕ್ರಿಸ್ಮಸ್ ದಿನ ಅದೇ ಆಳಿಗೆ ಹೊಸ ಬಟ್ಟೆ ಕೊಟ್ಟು ದಾನಿ ಎನಿಸಿಕೊಳ್ಳುವುದನ್ನು ನಾವೆಲ್ಲರೂ ಕಂಡಿದ್ದೇವೆ. ದೇಶಗಳ ಮಟ್ಟದಲ್ಲಿಯೂ ಇದು ನಡೆಯುತ್ತದೆ.

ಮೊದಲು ಲೆಕ್ಕ ಸ್ಪಷ್ಟವಾಗಿದ್ದ ಒಂದು ಸಂಗತಿಯನ್ನು ನೋಡೋಣ. 1952ರ ಡಿಸೆಂಬರಿನಲ್ಲಿ ಲಂಡನ್ ನಗರದ ಮೇಲೆ ಕಲ್ಲಿದ್ದಲಿನ ಹೊಗೆ ಕವಿದು ಸಾವಿರಾರು ಜನ ಸತ್ತರು. 1956ರಲ್ಲಿ ಬ್ರಿಟನ್ ಶುದ್ಧ ಗಾಳಿಯ ಕಾಯಿದೆ ಮಾಡಿತು. ಮುಂದೆ ಅಲ್ಲಿ ಕಟ್ಟಿದ ವಿದ್ಯುತ್ ಸ್ಥಾವರಗಳ ಚಿಮಣಿಗಳು ಬಹಳ ಎತ್ತರವಾದವು. ಊರಿನ ಗಾಳಿ ತಿಳಿಯಾಯಿತು, ಆದರೆ ಗಂಧಕದ ಹೊಗೆ ಇಲ್ಲವಾಗಲಿಲ್ಲ. ಎತ್ತರದ ಗಾಳಿಯನ್ನು ಹಿಡಿದು ಉತ್ತರ ಸಮುದ್ರವನ್ನು ದಾಟಿತು. ತನ್ನ ಅಂಗಳ ಗುಡಿಸಿ ಕಸವನ್ನು ಬೇಲಿಯಾಚೆ ತಳ್ಳಿದ ಹಾಗೆ. 1967ರಲ್ಲಿ ಸ್ವೀಡನ್ನಿನ ಮಣ್ಣುವಿಜ್ಞಾನಿ ಸ್ವಾಂಟೆ ಓಡೆನ್ ಎಂಬವರು ತಮ್ಮ ದೇಶದ ದಿನಪತ್ರಿಕೆಯಲ್ಲಿ ಬರೆದು, ತಮ್ಮ ಸರೋವರಗಳಿಗೆ ಆಮ್ಲ ಸುರಿಯುತ್ತಿರುವುದು ಹೊರದೇಶಗಳ ಚಿಮಣಿಗಳಿಂದ ಎಂದು ತೋರಿಸಿಕೊಟ್ಟರು. ದಕ್ಷಿಣ ನಾರ್ವೆಯ ನದಿಗಳಲ್ಲಿ ಸಾಲ್ಮನ್ ಮೀನು ಕಾಣದಾಯಿತು. ನಾರ್ವೆ ಸರ್ಕಾರ ತನ್ನ ಖರ್ಚಿನಿಂದ ನದಿಗಳಿಗೆ ಸುಣ್ಣದ ಪುಡಿ ಸುರಿಯಬೇಕಾಯಿತು; ಆ ಕೆಲಸ ಹಲವು ದಶಕಗಳಿಂದ ಸಾಗಿದೆ.

ಇಲ್ಲಿ ಋಣ ಯಾರದು ಎಂಬುದರಲ್ಲಿ ಸಂಶಯವಿಲ್ಲ. ಆದರೂ ಬ್ರಿಟನ್ ಬಹುಕಾಲ, ಪುರಾವೆ ಸಾಲದು ಎಂದಿತು. 1983ರಲ್ಲಿ ಅಲ್ಲಿನ ವಿದ್ಯುತ್ ಮಂಡಳಿ ಮತ್ತು ಕಲ್ಲಿದ್ದಲು ಮಂಡಳಿ ಸೇರಿ, ಬ್ರಿಟನ್, ನಾರ್ವೆ, ಸ್ವೀಡನ್ ಈ ಮೂರು ದೇಶಗಳ ವಿಜ್ಞಾನ ಅಕಾಡೆಮಿಗಳು ಕೂಡಿ ನಡೆಸುವ ಸಂಶೋಧನೆಗೆ 50 ಲಕ್ಷ ಪೌಂಡ್ ಕೊಟ್ಟವು. ಅದರಿಂದ ಒಳ್ಳೆಯ ವಿಜ್ಞಾನ ಹುಟ್ಟಿದ್ದು ನಿಜ. ಆದರೆ ಚಿಮಣಿಗೆ ಗಂಧಕ ಹಿಡಿಯುವ ಯಂತ್ರ ಕೂರಿಸುವುದನ್ನು ಮುಂದೂಡಲು ಕೊಟ್ಟ ಹಣವಿದು ಎಂದು ಆಗಲೇ ಅನೇಕರು ಶಂಕಿಸಿದರು. ನನಗೂ ಆ ಶಂಕೆ ತಪ್ಪೆನಿಸುವುದಿಲ್ಲ. ಪಾಪನಿವೇದನೆಗೆ ಮುಂಚೆ ಆತ್ಮಶೋಧನೆ ಮಾಡಿಕೊಳ್ಳಬೇಕು, ಸರಿ. ಆತ್ಮಶೋಧನೆಯನ್ನೇ ವರ್ಷಗಟ್ಟಲೆ ಮಾಡುತ್ತಾ ಪಾಪನಿವೇದನೆಯ ಪೀಠದ ಹತ್ತಿರವೇ ಸುಳಿಯದವರನ್ನು ಏನೆನ್ನೋಣ?

ಹಾಗೆಂದು ಅಳತೆಗೆ ಕೊಡುವ ಹಣವೆಲ್ಲ ನೆಪದ ಹಣವಲ್ಲ. 1979ರ ನವೆಂಬರಿನಲ್ಲಿ ಜಿನೀವಾದಲ್ಲಿ ಯುರೋಪು ಮತ್ತು ಉತ್ತರ ಅಮೆರಿಕದ ದೇಶಗಳು, ಬಂಡವಾಳಶಾಹಿ ಕಮ್ಯುನಿಸ್ಟ್ ಭೇದವಿಲ್ಲದೆ, ಗಡಿ ದಾಟುವ ವಾಯುಮಾಲಿನ್ಯದ ಬಗ್ಗೆ ಒಂದು ಒಪ್ಪಂದಕ್ಕೆ ಸಹಿ ಹಾಕಿದವು. ಅದರಡಿ 1984ರಲ್ಲಿ ಆದ ಮೊದಲ ಉಪ ಒಪ್ಪಂದ ಹೊಗೆ ತಗ್ಗಿಸುವುದಕ್ಕಲ್ಲ, ಹೊಗೆಯನ್ನು ಅಳೆಯುವ ಕೇಂದ್ರಗಳ ಖರ್ಚನ್ನು ಎಲ್ಲ ದೇಶಗಳೂ ಹಂಚಿಕೊಳ್ಳುವುದಕ್ಕೆ. ಯಾರ ಗಂಧಕ ಎಷ್ಟು ಯಾರ ಮಣ್ಣಿಗೆ ಬೀಳುತ್ತದೆ ಎಂಬುದಕ್ಕೆ ಒಂದೇ ತಕ್ಕಡಿ, ಆ ತಕ್ಕಡಿಯ ಬೆಲೆಯನ್ನು ಎಲ್ಲರೂ ಕೊಟ್ಟದ್ದು. ಮಾರನೆಯ ವರ್ಷವೇ ಹೆಲ್ಸಿಂಕಿಯಲ್ಲಿ, 1980ರ ಮಟ್ಟದಿಂದ ಶೇಕಡಾ 30ರಷ್ಟು ಗಂಧಕ ಕಡಿಮೆ ಮಾಡುವ ಒಪ್ಪಂದವಾಯಿತು. ಬ್ರಿಟನ್ ಅದಕ್ಕೆ ಸಹಿ ಹಾಕಲಿಲ್ಲ, ಆದರೆ ಕೊನೆಗೆ ಅದೂ ದಾರಿಗೆ ಬಂದಿತು. ಇಂದು ಯುರೋಪಿನ ಗಂಧಕದ ಹೊಗೆ ಆಗಿನದರಲ್ಲಿ ಮೂರನೇ ಒಂದು ಪಾಲೂ ಉಳಿದಿಲ್ಲ. ಕೆಲವು ನದಿಗಳಿಗೆ ಸಾಲ್ಮನ್ ಮರಳಿದೆ.

ಇನ್ನು ನಾನು ಹೇಳಹೊರಟ ಕಷ್ಟದ ಸಂಗತಿಗೆ ಬರುತ್ತೇನೆ. ಭೂಪಟದಲ್ಲಿ ನಾರ್ವೆಯ ಈಶಾನ್ಯ ತುದಿಯನ್ನು ನೋಡಿ. ಅಲ್ಲಿ ಕಿರ್ಕೆನೆಸ್ ಎಂಬ ಪುಟ್ಟ ಬಂದರಿದೆ. ಅದರ ದಕ್ಷಿಣಕ್ಕೆ ಪಸ್ವಿಕ್ ಕಣಿವೆ, ಕಣಿವೆಯ ಆಚೆ ರಷ್ಯಾ. ಗಡಿಯಿಂದ ಹತ್ತು ಕಿಲೋಮೀಟರಿಗೂ ಕಡಿಮೆ ದೂರದಲ್ಲಿ ನಿಕೆಲ್ ಎಂಬ ಹೆಸರಿನದೇ ಊರು. ಆ ನೆಲ 1944ರವರೆಗೆ ಫಿನ್ಲೆಂಡಿನದಾಗಿತ್ತು. ಯುದ್ಧದಲ್ಲಿ ಸೋವಿಯತ್ ಒಕ್ಕೂಟದ ಪಾಲಾಯಿತು. ಅಲ್ಲಿನ ನಿಕೆಲ್ ಅದಿರನ್ನು ಕರಗಿಸುವ ಕುಲುಮೆಗಳಿಗೆ 1970ರ ದಶಕದಲ್ಲಿ ಸೈಬೀರಿಯದ ನಾರಿಲ್ಸ್ಕ್‌ನಿಂದ ಗಂಧಕ ಹೆಚ್ಚಿರುವ ಅದಿರನ್ನೂ ತಂದು ಹಾಕಿದರು. ಅದಿರಿನೊಳಗಿನ ಗಂಧಕ ಬೆಂಕಿಗೆ ಬಿದ್ದಾಗ ಹೊಗೆಯಾಗಿ ಹೊರಬರುತ್ತದೆ. ಅದನ್ನು ಹಿಡಿದು ಗಂಧಕಾಮ್ಲ ಮಾಡುವ ಯಂತ್ರವಿಲ್ಲದಿದ್ದರೆ ಅದು ಸುತ್ತಲಿನ ಕಾಡಿನ ಮೇಲೆಯೇ ಇಳಿಯುತ್ತದೆ. ಊರಿನ ಸುತ್ತ ಬರ್ಚ್ ಮರಗಳು ಸತ್ತು, ಗುಡ್ಡಗಳು ಬೋಳಾಗಿ ಕಪ್ಪಾದವು. ಈ ಶತಮಾನದ ಮೊದಲ ವರ್ಷಗಳಲ್ಲಿಯೂ ಅಲ್ಲಿಂದ ವರ್ಷಕ್ಕೆ ಸುಮಾರು 1 ಲಕ್ಷ ಟನ್ ಸಲ್ಫರ್ ಡೈಆಕ್ಸೈಡ್ ಹೊರಬರುತ್ತಿತ್ತು. ಇಡೀ ನಾರ್ವೆ ದೇಶ ಬಿಡುತ್ತಿದ್ದುದಕ್ಕಿಂತ ಅದು ಹಲವು ಪಟ್ಟು ಹೆಚ್ಚು.

1990ರಲ್ಲಿ ಕಿರ್ಕೆನೆಸ್ ಕಡೆಯ ಜನ, "ಸೋವಿಯತ್ತಿನ ಸಾವಿನ ಮೋಡ ನಿಲ್ಲಿಸಿ" ಎಂದು ಚಳವಳಿ ಹೂಡಿದರು. ನಾರ್ವೆ ಸರ್ಕಾರ ಏನು ಮಾಡಿತು? ದಂಡ ಕೇಳಲಿಲ್ಲ. ಆ ಕುಲುಮೆಗಳನ್ನು ಹೊಸದಾಗಿ ಕಟ್ಟಲು ತನ್ನ ಬೊಕ್ಕಸದಿಂದ 30 ಕೋಟಿ ಕ್ರೋನರ್ ಅನುದಾನ ಕೊಡಲು ಮುಂದೆ ಬಂದಿತು!

ನ್ಯಾಯದ ದೃಷ್ಟಿಯಿಂದ ನೋಡಿದರೆ ಇದು ತಲೆಕೆಳಗು. ಕೆನಡಾದ ಟ್ರೇಲ್ ಎಂಬ ಊರಿನ ಲೋಹದ ಕುಲುಮೆಯ ಹೊಗೆ ಗಡಿ ದಾಟಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ರೈತರ ಬೆಳೆ ಕೆಡಿಸಿದಾಗ, 1938ರಲ್ಲಿಯೂ 1941ರಲ್ಲಿಯೂ ಅಂತರರಾಷ್ಟ್ರೀಯ ನ್ಯಾಯಮಂಡಳಿ ಸ್ಪಷ್ಟವಾದ ತೀರ್ಪು ಕೊಟ್ಟಿತ್ತು: ನಿನ್ನ ನೆಲದ ಹೊಗೆಯಿಂದ ನೆರೆಯವನಿಗೆ ಹಾನಿಯಾಗುವಂತೆ ಬಿಡಬಾರದು, ಆದ ಹಾನಿಗೆ ನೀನೇ ಹೊಣೆ. ಕೆನಡಾ ಹಣ ಕೊಟ್ಟಿತು. ಆ ತೀರ್ಪನ್ನು ಹಿಡಿದರೆ ರಷ್ಯಾ ನಾರ್ವೆಗೆ ಕೊಡಬೇಕಿತ್ತು. ಹಾಗಿರುವಾಗ ನಾರ್ವೆ ಮಾಡಿದ್ದು ಸರಿಯೇ?

ನನ್ನ ಅಭಿಪ್ರಾಯ ಹೇಳುತ್ತೇನೆ, ಒಪ್ಪದವರು ಇರಬಹುದು. 1990ರಲ್ಲಿ ಅದು ಸರಿಯಾಗಿತ್ತು. ಸೋವಿಯತ್ ಒಕ್ಕೂಟ ಕುಸಿಯುತ್ತಿತ್ತು. ದಂಡ ಕೇಳಿದ್ದರೆ ಬರುತ್ತಿದ್ದುದು ಉತ್ತರವಿಲ್ಲದ ಪತ್ರ, ಅಷ್ಟೇ. ಅಷ್ಟು ಹೊತ್ತೂ ಮಕ್ಕಳು ಉಸಿರಾಡುತ್ತಲೇ ಇರಬೇಕು. ಋಣಿಯ ಬಳಿ ಕಾಸಿಲ್ಲದಾಗ, ಹಕ್ಕು ಬಿಡದೆಯೇ ಅವನಿಗೆ ಕೈಕೊಡುವುದು ಸಾಧ್ಯ. ನಮ್ಮ ಬಾವಿಗೆ ಪಕ್ಕದ ಮನೆಯ ಬಚ್ಚಲ ನೀರು ಇಳಿಯುತ್ತಿದೆ, ಆ ಮನೆಯವನಿಗೆ ಕೊಳವೆ ಹಾಕಿಸುವ ಶಕ್ತಿಯಿಲ್ಲ ಎಂದುಕೊಳ್ಳಿ. ಪಂಚಾಯಿತಿಗೆ ದೂರು ಕೊಡುವ ಹಕ್ಕು ನಮಗಿದೆ. ಕೊಳವೆ ತಂದುಕೊಡುವ ಸ್ವಾತಂತ್ರ್ಯವೂ ಇದೆ. ಒಬ್ಬರ ಭಾರವನ್ನು ಒಬ್ಬರು ಹೊರಬೇಕೆಂದು ಸಂತ ಪೌಲರು ಗಲಾತ್ಯದವರಿಗೆ ಬರೆದದ್ದು ತಪ್ಪಿನಲ್ಲಿ ಸಿಕ್ಕಿಬಿದ್ದವನನ್ನು ಸರಿದಾರಿಗೆ ತರುವ ಮಾತಿನ ಜೊತೆಯಲ್ಲೇ ಎಂಬುದನ್ನು ನಾವು ಸಾಮಾನ್ಯವಾಗಿ ಗಮನಿಸುವುದಿಲ್ಲ.

ಆದರೆ 2001ರಲ್ಲಿ ಏನಾಗಿತ್ತು? ಕುಲುಮೆಗಳು ಆಗ ನಾರಿಲ್ಸ್ಕ್ ನಿಕೆಲ್ ಎಂಬ ಖಾಸಗಿ ಕಂಪನಿಯ ಕೈಯಲ್ಲಿದ್ದವು. ಜಗತ್ತಿನ ಅತಿ ದೊಡ್ಡ ನಿಕೆಲ್ ಉತ್ಪಾದಕ ಕಂಪನಿಗಳಲ್ಲಿ ಅದೊಂದು. ಆ ವರ್ಷ ಮತ್ತೆ ಒಪ್ಪಂದವಾಯಿತು. ನಾರ್ವೆ 27 ಕೋಟಿ ಕ್ರೋನರ್ ಅನುದಾನ ಕೊಡುವುದೆಂದೂ, ನಾರ್ಡಿಕ್ ದೇಶಗಳ ಹೂಡಿಕೆ ಬ್ಯಾಂಕು ಸಾಲ ಕೊಡುವುದೆಂದೂ ಮಾತಾಯಿತು. ವರ್ಷಗಳು ಕಳೆದವು, ಉದ್ದೇಶಿಸಿದ ಹೊಸ ಕುಲುಮೆ ನಿಕೆಲ್ ಊರಿನಲ್ಲಿ ಏಳಲಿಲ್ಲ. ಇಲ್ಲಿ ನನಗೆ ಅನುದಾನದ ಬಣ್ಣವೇ ಬದಲಾದಂತೆ ಕಾಣುತ್ತದೆ. ಕೈಯಲ್ಲಿ ಹಣವಿಲ್ಲದ ನೆರೆಯವನಿಗೆ ಕೊಟ್ಟದ್ದು ಪ್ರೀತಿ. ಹಣವಿದ್ದೂ ತನ್ನ ಕರ್ತವ್ಯ ಮಾಡದವನಿಗೆ ಕೊಟ್ಟರೆ ಅವನ ಕರ್ತವ್ಯಲೋಪಕ್ಕೆ ನಾವೇ ಸಂಬಳ ಕೊಟ್ಟ ಹಾಗಾಗುತ್ತದೆ. ಕೊಟ್ಟವರು ಅದೇ ಜನ, ಮೊತ್ತವೂ ಹೆಚ್ಚುಕಡಿಮೆ ಅಷ್ಟೇ, ಆದರೆ ಕ್ರಿಯೆ ಬೇರೆ. ನೈತಿಕ ದೈವಶಾಸ್ತ್ರ ಕಲಿಸುವವರು ಸಂದರ್ಭಗಳನ್ನು ನೋಡು ಎಂದು ವಿದ್ಯಾರ್ಥಿಗಳ ಕಿವಿಯಲ್ಲಿ ಊದುವುದು ಇದಕ್ಕೇ.

ಕೊನೆಗೆ 2020ರ ಡಿಸೆಂಬರಿನಲ್ಲಿ ಕಂಪನಿ ತಾನಾಗಿಯೇ ನಿಕೆಲ್ ಊರಿನ ಕುಲುಮೆಯನ್ನು ಮುಚ್ಚಿತು. ಗಡಿಯ ಈಚೆ ಸಂತೋಷವಾಯಿತು. ಆಚೆ ನೂರಾರು ಕಾರ್ಮಿಕರ ಕೆಲಸ ಹೋಯಿತು. ಊರು ಹುಟ್ಟಿದ್ದೇ ಆ ಕುಲುಮೆಗಾಗಿ. "ಸಾವಿನ ಮೋಡ" ಎಂದು ಕೂಗಿದವರು ತಮ್ಮ ಕಡೆಗೆ ಬಂದ ಮೋಡವನ್ನು ಕಂಡಿದ್ದರು. ಆದರೆ ಆ ಮೋಡದ ದಪ್ಪ ಭಾಗ ಯಾವಾಗಲೂ ಇಳಿಯುತ್ತಿದ್ದುದು ಚಿಮಣಿಯ ಬುಡದಲ್ಲಿ ಬಟ್ಟೆ ಒಣಹಾಕುತ್ತಿದ್ದ ರಷ್ಯದ ತಾಯಂದಿರ ಮೇಲೆ. ಗಡಿಯಾಚೆಗೆ ಹಣ ಕೊಡುವಾಗ ನಾವು ಯಾರಿಗೆ ಕೊಡುತ್ತಿದ್ದೇವೆ? ಸರ್ಕಾರಕ್ಕೋ, ಕಂಪನಿಗೋ, ಆ ತಾಯಂದಿರಿಗೋ? ಅನುದಾನದ ಕಾಗದದಲ್ಲಿ ಯಂತ್ರದ ಬೆಲೆ ಇತ್ತು. ಕೆಲಸ ಕಳೆದುಕೊಳ್ಳುವವರಿಗೆ ಏನು ಎಂಬುದು ಮೊದಲಿನಿಂದಲೇ ಅದರ ಪಕ್ಕದಲ್ಲಿ ಬರೆದಿರಬೇಕಿತ್ತು. 2022ರಲ್ಲಿ ಉಕ್ರೇನ್ ಯುದ್ಧ ಶುರುವಾದ ಮೇಲಂತೂ ನಾರ್ಡಿಕ್ ದೇಶಗಳು ರಷ್ಯದೊಂದಿಗಿನ ಸಹಕಾರವನ್ನು ನಿಲ್ಲಿಸಿದವು, 2023ರಲ್ಲಿ ರಷ್ಯಾ ಆ ಪ್ರದೇಶದ ಬ್ಯಾರೆಂಟ್ಸ್ ಮಂಡಳಿಯಿಂದಲೇ ಹೊರನಡೆಯಿತು.

ಹಾಗಾದರೆ ಕೊಡುಗೆ ಮತ್ತು ಋಣ ಎರಡೂ ಒಂದೇ ಹಣದಲ್ಲಿ ಇರಬಹುದೇ? ಇರಬಹುದು. ನಮ್ಮ ಪವಿತ್ರ ಗ್ರಂಥದಲ್ಲಿಯೇ ಅದಕ್ಕೆ ಉದಾಹರಣೆಯಿದೆ. ಜೆರುಸಲೇಮಿನ ಬಡ ವಿಶ್ವಾಸಿಗಳಿಗಾಗಿ ಸಂತ ಪೌಲರು ಮಕೆದೋನಿಯ ಮತ್ತು ಅಖಾಯದ ಸಭೆಗಳಲ್ಲಿ ಹಣ ಸಂಗ್ರಹಿಸಿದರು. ನಾಡು ಬೇರೆ, ಭಾಷೆ ಬೇರೆ, ಸಮುದ್ರ ದಾಟಿ ಹೋಗಬೇಕಾದ ಹಣ. ರೋಮನರಿಗೆ ಬರೆದ ಪತ್ರದ 15ನೇ ಅಧ್ಯಾಯದಲ್ಲಿ ಅವರು ಇದನ್ನು ಹೇಳುವಾಗ, ಆ ಸಭೆಗಳು ಇದನ್ನು ಸಂತೋಷದಿಂದ ಮಾಡಿದವು ಎನ್ನುತ್ತಾರೆ. ಅದರ ಬೆನ್ನಲ್ಲೇ, ಅವು ಜೆರುಸಲೇಮಿಗೆ ಋಣಿಗಳು ಎಂದೂ ಹೇಳುತ್ತಾರೆ. ಯಾಕೆಂದರೆ ಶುಭಸಂದೇಶದ ಸಂಪತ್ತು ಅವರಿಗೆ ಬಂದದ್ದು ಅಲ್ಲಿಂದಲೇ. ಋಣವೆಂದು ತಿಳಿದೇ ಸಂತೋಷದಿಂದ ಕೊಟ್ಟರು. ಪೌಲರ ಇನ್ನೊಂದು ಎಚ್ಚರಿಕೆಯೂ ನನಗೆ ಇಷ್ಟ. ಕೊರಿಂಥದವರಿಗೆ ಬರೆದ ಎರಡನೇ ಪತ್ರದ 8ನೇ ಅಧ್ಯಾಯ ನೋಡಿ. ಅಷ್ಟು ದೊಡ್ಡ ಮೊತ್ತವನ್ನು ತಾವೊಬ್ಬರೇ ಹೊತ್ತೊಯ್ಯಲು ಅವರು ಒಪ್ಪುವುದಿಲ್ಲ. ತೀತನ ಜೊತೆಗೆ ಸಭೆಗಳೇ ಆರಿಸಿದ ಸಹೋದರನೊಬ್ಬನನ್ನು ಕಳಿಸುತ್ತಾರೆ. ದೇವರ ಮುಂದೆ ಮಾತ್ರವಲ್ಲ, ಜನರ ಮುಂದೆಯೂ ಲೆಕ್ಕ ಶುದ್ಧವಾಗಿರಬೇಕು ಎಂಬುದು ಅವರ ಕಾಳಜಿ. ಎರಡು ಸಾವಿರ ವರ್ಷಗಳ ಹಿಂದೆಯೇ ಲೆಕ್ಕಪರಿಶೋಧನೆ! ನಮ್ಮ ಧರ್ಮಕೇಂದ್ರಗಳ ಹಬ್ಬದ ಸಮಿತಿಗಳು ಈ ಅಧ್ಯಾಯವನ್ನು ವರ್ಷಕ್ಕೊಮ್ಮೆ ಓದಿದರೆ ತಪ್ಪಿಲ್ಲ.

ಇಂಥ ಶುದ್ಧ ಲೆಕ್ಕದ ಅನುದಾನಗಳೂ ಜಗತ್ತಿನಲ್ಲಿ ನಡೆದಿವೆ. 1991ರಲ್ಲಿ ಪೋಲೆಂಡಿಗೆ ಸಾಲ ಕೊಟ್ಟಿದ್ದ ದೇಶಗಳು ಅದರ ಸಾಲದ ಅರ್ಧದಷ್ಟನ್ನು ಮನ್ನಾ ಮಾಡಲು ಒಪ್ಪಿದವು. ಅಮೆರಿಕ, ಫ್ರಾನ್ಸ್, ಸ್ವಿಟ್ಜರ್ಲೆಂಡ್, ಸ್ವೀಡನ್, ಇಟಲಿ, ನಾರ್ವೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಉಳಿದ ಸಾಲದ ಒಂದು ಪಾಲನ್ನು ತಮಗೆ ಕೊಡುವ ಬದಲು ಗಾಳಿ, ನೀರು, ಕಾಡುಗಳ ರಕ್ಷಣೆಗೆ ಪೋಲೆಂಡಿನಲ್ಲಿಯೇ ಖರ್ಚು ಮಾಡಿ ಎಂದವು. ಅದಕ್ಕಾಗಿ 1992ರಲ್ಲಿ ಎಕೋಫಂಡ್ ಎಂಬ ನಿಧಿ ಹುಟ್ಟಿತು. 2010ರ ತನಕ ಕೆಲಸ ಮಾಡಿತು. ಗಡಿ ದಾಟುವ ಗಂಧಕದ ಹೊಗೆ ತಗ್ಗಿಸುವುದು ಅದರ ಮುಖ್ಯ ಗುರಿಗಳಲ್ಲಿ ಒಂದು. ಪೋಲೆಂಡಿನ ಮಗನಾದ ಜಗದ್ಗುರು ಎರಡನೇ ಜಾನ್ ಪಾಲರು 1994ರಲ್ಲಿ, ಯಾಜಕಕಾಂಡದ ಜುಬಿಲಿ ವರ್ಷವನ್ನು ನೆನಪಿಸಿ ಬಡ ದೇಶಗಳ ಸಾಲ ಇಳಿಸಿರೆಂದು ಕೇಳಿದಾಗ, ಅವರ ತಾಯ್ನಾಡಿನಲ್ಲಿ ಅದರ ಒಂದು ಸಣ್ಣ ರೂಪ ಆಗಲೇ ನಡೆಯುತ್ತಿತ್ತು.

ಇನ್ನೊಂದು ನಿಮ್ಮ ಅಡುಗೆಮನೆಯಲ್ಲಿಯೇ ಇದೆ. ಹಳೆಯ ಫ್ರಿಜ್ಜುಗಳೊಳಗಿನ ಅನಿಲ ಆಕಾಶದ ಓಝೋನ್ ಪದರವನ್ನು ತಿನ್ನುತ್ತಿತ್ತು, ಭೂಮಿಯ ತಾಪವನ್ನೂ ಏರಿಸುತ್ತಿತ್ತು. 1987ರ ಮಾಂಟ್ರಿಯಲ್ ಒಪ್ಪಂದಕ್ಕೆ ಭಾರತ ತಕ್ಷಣ ಸೇರಲಿಲ್ಲ. ಆ ಅನಿಲವನ್ನು ಹೆಚ್ಚಾಗಿ ಬಳಸಿ ಹಾನಿ ಮಾಡಿದವರು ನೀವು, ಹೊಸ ಯಂತ್ರಗಳ ಖರ್ಚು ನಮ್ಮ ಮೇಲೇಕೆ ಎಂಬುದು ನಮ್ಮ ವಾದವಾಗಿತ್ತು. 1990ರಲ್ಲಿ ಲಂಡನ್ನಿನಲ್ಲಿ ಇದಕ್ಕಾಗಿಯೇ ಬಹುಪಕ್ಷೀಯ ನಿಧಿಯೊಂದನ್ನು ಒಪ್ಪಿದ ಮೇಲೆ, 1992ರಲ್ಲಿ ಭಾರತ ಸೇರಿತು. ಆ ನಿಧಿಯ ಕಾರ್ಯಕಾರಿ ಸಮಿತಿಯಲ್ಲಿ 14 ದೇಶಗಳು: ಕೊಡುವವರ ಕಡೆಯಿಂದ 7, ಪಡೆಯುವವರ ಕಡೆಯಿಂದ 7. ಕೈಚಾಚಿ ಬಾಗಿಲಲ್ಲಿ ನಿಲ್ಲುವ ಮಾತೇ ಇಲ್ಲ. ಪಡೆಯುವವನೂ ಮೇಜಿನ ಬಳಿ ಕುಳಿತು ತೀರ್ಮಾನ ಮಾಡುತ್ತಾನೆ. 2008ರಲ್ಲಿ, ಗಡುವಿಗೆ ಒಂದು ವರ್ಷಕ್ಕೂ ಮುಂಚೆ, ಭಾರತ ಆ ಅನಿಲದ ತಯಾರಿಕೆಯನ್ನು ನಿಲ್ಲಿಸಿತು.

ಹವಾಮಾನದ ವಿಷಯದಲ್ಲಿ ಮಾತ್ರ ಲೆಕ್ಕ ಇಷ್ಟು ಶುದ್ಧವಾಗಿಲ್ಲ. 2009ರಲ್ಲಿ ಕೋಪನ್‌ಹೇಗನ್‌ನಲ್ಲಿ ಶ್ರೀಮಂತ ದೇಶಗಳು, 2020ರ ಹೊತ್ತಿಗೆ ಬಡ ದೇಶಗಳಿಗಾಗಿ ವರ್ಷಕ್ಕೆ 10,000 ಕೋಟಿ ಡಾಲರ್ ಒದಗಿಸುತ್ತೇವೆ ಎಂದು ಮಾತುಕೊಟ್ಟವು. ಅವರದೇ ಸಂಸ್ಥೆಯ ಲೆಕ್ಕದಂತೆ ಆ ಮೊತ್ತ ಮುಟ್ಟಿದ್ದು 2022ರಲ್ಲಿ. ಅದರಲ್ಲಿ ಸರ್ಕಾರಿ ಹಣದ ಬಹುಪಾಲು ಅನುದಾನವಲ್ಲ, ಸಾಲ. ದಿವಂಗತ ಜಗದ್ಗುರು ಫ್ರಾನ್ಸಿಸರು 2015ರ ತಮ್ಮ ವಿಶ್ವಪತ್ರ 'ಲೌದಾತೋ ಸಿ'ಯಲ್ಲಿ, ಉತ್ತರದ ಸಿರಿವಂತ ದೇಶಗಳು ದಕ್ಷಿಣದ ದೇಶಗಳಿಗೆ ಪರಿಸರದ ಋಣವನ್ನು ಉಳಿಸಿಕೊಂಡಿವೆ ಎಂದು ಬರೆದರು. 2025ರ ಜುಬಿಲಿ ವರ್ಷವನ್ನು ಘೋಷಿಸಿದ ಪತ್ರದಲ್ಲಿಯೂ ಅದನ್ನು ನೆನಪಿಸಿದರು. ಋಣ ತೀರಿಸುವವನು ಬಡ್ಡಿಗೆ ಸಾಲ ಕೊಟ್ಟು ತೀರಿಸುತ್ತಾನೆಯೇ? 2024ರಲ್ಲಿ ಬಾಕುವಿನಲ್ಲಿ, 2035ರ ಹೊತ್ತಿಗೆ ವರ್ಷಕ್ಕೆ 30,000 ಕೋಟಿ ಡಾಲರ್ ಎಂಬ ಹೊಸ ಮಾತು ಬಂದಾಗ, ಭಾರತದ ಪ್ರತಿನಿಧಿಗಳು ಸಭೆಯಲ್ಲಿಯೇ ಎದ್ದು ನಿಂತು ಅದು ಏನೇನೂ ಸಾಲದೆಂದು ಆಕ್ಷೇಪಿಸಿದರು. ಅವರು ಹೇಳಿದ್ದು ನ್ಯಾಯವಾಗಿಯೇ ಇತ್ತು.

ಆದರೆ, ಪ್ರಿಯ ಓದುಗರೇ, ಉತ್ತರಕ್ಕೆ ತಿರುಗಿ ಬಾಕಿ ಕೇಳುವವರು ನಮ್ಮ ಪಕ್ಕದ ಬೇಲಿಯನ್ನೂ ನೋಡಿಕೊಳ್ಳಬೇಕಲ್ಲವೇ? 1998ರಲ್ಲಿ ಮಾಲ್ಡೀವ್ಸ್‌ನ ರಾಜಧಾನಿ ಮಾಲೆಯಲ್ಲಿ ಭಾರತ, ಪಾಕಿಸ್ತಾನ, ಬಾಂಗ್ಲಾದೇಶ, ನೇಪಾಳ, ಭೂತಾನ್, ಶ್ರೀಲಂಕಾ, ಮಾಲ್ಡೀವ್ಸ್, ಇರಾನ್ ಈ ಎಂಟು ದೇಶಗಳು ಗಡಿ ದಾಟುವ ವಾಯುಮಾಲಿನ್ಯದ ಬಗ್ಗೆ ಒಂದು ಘೋಷಣೆಗೆ ಸಹಿ ಹಾಕಿದವು. ಒಟ್ಟಾಗಿ ಅಳೆಯಲು, ಒಟ್ಟಾಗಿ ಕಲಿಯಲು. ಅದಕ್ಕೆ ಹಣ ಕೊಟ್ಟದ್ದು ಯಾರು ಗೊತ್ತೇ? ಸ್ವೀಡನ್. ತನ್ನ ಸರೋವರಗಳು ಹುಳಿಯಾದಾಗ ಕಲಿತದ್ದನ್ನು ಆ ದೇಶ ನಮಗೆ ಕೊಡಲು ಬಂದಿತು. ಅದು ನಮಗೆ ಏನೂ ಸಾಲವಿರಲಿಲ್ಲ; ಅದು ಶುದ್ಧ ಕೊಡುಗೆ. ಹಲವು ವರ್ಷ ಕೆಲಸ ನಡೆಯಿತು. ಸ್ವೀಡನ್ನಿನ ಹಣ ನಿಂತ ಮೇಲೆ ಕೆಲಸವೂ ಮಂದವಾಯಿತು. ಎಂಟು ದೇಶಗಳು ತಮ್ಮದೇ ಉಸಿರಿಗಾಗಿ ತಮ್ಮ ಜೇಬಿನಿಂದ ಹಣ ತೆಗೆದು ಅದನ್ನು ಮುಂದುವರಿಸಬಹುದಿತ್ತು.

ಪ್ರತಿವರ್ಷ ಅಕ್ಟೋಬರ್, ನವೆಂಬರಿನಲ್ಲಿ ಎರಡೂ ಪಂಜಾಬುಗಳ ಗದ್ದೆಗಳಲ್ಲಿ ಭತ್ತದ ಕೂಳೆಗೆ ಬೆಂಕಿ ಬೀಳುತ್ತದೆ. ಅದಕ್ಕೆ ವಾಹನ, ಇಟ್ಟಿಗೆ ಗೂಡು, ಕಾರ್ಖಾನೆಗಳ ಹೊಗೆ ಸೇರಿ ಲಾಹೋರ್, ಅಮೃತಸರ, ದೆಹಲಿ ಒಂದೇ ಮಬ್ಬಿನಲ್ಲಿ ಮುಳುಗುತ್ತವೆ. ಗಾಳಿ ಬೀಸಿದ ಕಡೆಗೆ ಹೊಗೆ. 2024ರ ನವೆಂಬರಿನಲ್ಲಿ ಲಾಹೋರಿನ ವಾಯು ಗುಣಮಟ್ಟದ ಸೂಚ್ಯಂಕ 1,000ವನ್ನೂ ದಾಟಿತು, ಶಾಲೆಗಳನ್ನು ಮುಚ್ಚಿದರು. ಆ ಕಡೆಯ ಪಂಜಾಬಿನ ಮುಖ್ಯಮಂತ್ರಿ ಭಾರತದೊಂದಿಗೆ ಮಾತಾಡಬೇಕೆಂದರು. ಮಾತು ಆಗಲಿಲ್ಲ. ಎರಡು ದೇಶಗಳ ಈಗಿನ ಸ್ಥಿತಿಯಲ್ಲಿ ಅದು ಸುಲಭವಲ್ಲ ಎಂಬುದು ನನಗೂ ಗೊತ್ತು.

ಇಲ್ಲಿ ತಪ್ಪಿತಸ್ಥ ಯಾರು? ಬೆಂಕಿಕಡ್ಡಿ ಗೀರಿದ ರೈತನೆಂದು ನಾವು ಥಟ್ಟನೆ ಹೇಳುತ್ತೇವೆ. ಸ್ವಲ್ಪ ನಿಲ್ಲಿ. ನಮ್ಮ ಪಂಜಾಬಿನಲ್ಲಿ ಅಂತರ್ಜಲ ಕುಸಿಯುತ್ತಿದೆಯೆಂದು 2009ರಲ್ಲಿ ಕಾಯಿದೆ ತಂದು, ಜೂನ್ ತಿಂಗಳಿಗೆ ಮುಂಚೆ ನಾಟಿ ಮಾಡದಂತೆ ತಡೆದರು. ನೀರು ಉಳಿಸುವ ಒಳ್ಳೆಯ ಉದ್ದೇಶವೇ. ಆದರೆ ನಾಟಿ ತಡವಾದರೆ ಕೊಯ್ಲೂ ತಡ. ಕೊಯ್ಲಿಗೂ ಗೋಧಿ ಬಿತ್ತನೆಗೂ ನಡುವೆ ರೈತನಿಗೆ ಎರಡು ಮೂರು ವಾರ ಮಾತ್ರ ಸಿಗುತ್ತದೆ. ಕೊಯ್ಲು ಯಂತ್ರ ಬಿಟ್ಟುಹೋದ ಕೂಳೆಯನ್ನು ಅಷ್ಟರಲ್ಲಿ ತೆಗೆಯಲು ಕೂಲಿ ಇಲ್ಲ, ಹಣವಿಲ್ಲ. ಕಡ್ಡಿಪೆಟ್ಟಿಗೆಯಷ್ಟು ಅಗ್ಗದ್ದು ಇನ್ನೊಂದಿಲ್ಲ. 2018ರಿಂದ ಕೇಂದ್ರ ಸರ್ಕಾರ ಕೂಳೆಯ ನಡುವೆಯೇ ಗೋಧಿ ಬಿತ್ತುವ ಯಂತ್ರಗಳಿಗೆ ಸಹಾಯಧನ ಕೊಡುತ್ತಿದೆ. ಆ ಭತ್ತದ ಅಕ್ಕಿ ಕೇಂದ್ರದ ದಾಸ್ತಾನಿಗೆ ಹೋಗಿ ದೇಶದ ಪಡಿತರ ಅಂಗಡಿಗಳಿಗೆ ಹಂಚಿಹೋಗುತ್ತದೆ. ಉಂಡವರಲ್ಲಿ ನಾವೂ ಇರಬಹುದು. ಹೀಗಿರುವಾಗ ಆ ಯಂತ್ರಕ್ಕೆ ಕೊಡುವ ಹಣವನ್ನು ರೈತನಿಗೆ ದಾನವೆಂದು ಕರೆಯಲು ನನಗೆ ನಾಲಿಗೆ ಏಳುವುದಿಲ್ಲ. ಆಚೆಯ ಪಂಜಾಬಿನ ರೈತನ ಕಷ್ಟವೂ ಬಹುಮಟ್ಟಿಗೆ ಇದೇ, ಅವನ ಕೂಳೆಯ ಹೊಗೆ ಅಮೃತಸರಕ್ಕೂ ಬರುತ್ತದೆ.

ಶತ್ರು ದೇಶಕ್ಕೆ ಹಣವೇ ಎಂದು ಕೆಲವರಿಗೆ ಸಿಟ್ಟು ಬರಬಹುದು. ಆ ಸಿಟ್ಟನ್ನು ನಾನು ತಳ್ಳಿಹಾಕುವುದಿಲ್ಲ. ಗಡಿಯಲ್ಲಿ ಮಕ್ಕಳನ್ನು ಕಳೆದುಕೊಂಡ ಮನೆಗಳು ನಮ್ಮಲ್ಲಿಯೂ ಇವೆ. ಆದರೆ ಸಂತ ಲೂಕರ ಶುಭಸಂದೇಶದ 10ನೇ ಅಧ್ಯಾಯದ ಸಮಾರಿಯದವನು ಯೆಹೂದ್ಯರ ನೆಲದಲ್ಲಿ, ಯೆಹೂದ್ಯನೇ ಇರಬಹುದಾದ ಗಾಯಾಳುವಿಗಾಗಿ, ಛತ್ರದವನ ಕೈಗೆ ಎರಡು ದಿನಾರಿ ನಾಣ್ಯ ಕೊಟ್ಟ. ಕಳ್ಳರನ್ನು ಹಿಡಿದು ದಂಡ ವಸೂಲು ಮಾಡಿದ ಮೇಲೆ ನೋಡೋಣ ಎನ್ನಲಿಲ್ಲ. ಕೊಟ್ಟು ಕೈತೊಳೆದುಕೊಳ್ಳಲೂ ಇಲ್ಲ. ಹೆಚ್ಚಿಗೆ ಖರ್ಚಾದರೆ ಹಿಂದಿರುಗಿ ಬಂದು ಲೆಕ್ಕ ತೀರಿಸುವುದಾಗಿ ಹೇಳಿದ. ಮೊದಲು ಸಣ್ಣ ಮೊತ್ತ, ನಂಬಿಗಸ್ತನ ಕೈಗೆ, ಮತ್ತೆ ಬಂದು ನೋಡುವ ಮಾತಿನೊಂದಿಗೆ. ಎರಡೂ ದೇಶಗಳ ನಡುವೆ ಯಂತ್ರಗಳ ಹಣ ಇಂದೇ ಹರಿಯಬೇಕೆಂದು ನಾನು ಹೇಳುತ್ತಿಲ್ಲ. 1984ರಲ್ಲಿ ಯುರೋಪು ಮಾಡಿದಂತೆ, ಒಂದೇ ತಕ್ಕಡಿಯ ಖರ್ಚನ್ನು ಹಂಚಿಕೊಳ್ಳುವುದರಿಂದ ಶುರುಮಾಡಬಹುದು. ಆಗ ಯುರೋಪಿನ ಎರಡು ಬಣಗಳೂ ಪರಸ್ಪರರ ಮೇಲೆ ಅಣ್ವಸ್ತ್ರಗಳನ್ನು ಗುರಿಯಿಟ್ಟುಕೊಂಡೇ ಆ ಕಾಗದಕ್ಕೆ ಸಹಿ ಹಾಕಿದ್ದವು.

ಜಲಂಧರ್ ಧರ್ಮಕ್ಷೇತ್ರ 1952ರವರೆಗೆ ಲಾಹೋರ್ ಧರ್ಮಕ್ಷೇತ್ರದ ಭಾಗವಾಗಿತ್ತು. ದೇಶ ಎರಡಾಗಿ ಸುಮಾರು ಐದು ವರ್ಷ ಕಳೆದ ಮೇಲೆ ಶ್ರೀಸಭೆ ತನ್ನ ಗಡಿಯನ್ನು ಬೇರೆ ಮಾಡಿತು. ಮೃತರನ್ನು ಸ್ಮರಿಸುವ ನವೆಂಬರ್ ತಿಂಗಳಿನಲ್ಲಿ ಎರಡೂ ಕಡೆಯ ವಿಶ್ವಾಸಿಗಳು ಅದೇ ಮಬ್ಬಿನೊಳಗೆ ಸಮಾಧಿಭೂಮಿಗೆ ಹೋಗಿ ಮೋಂಬತ್ತಿ ಹಚ್ಚುತ್ತಾರೆ. ಮಾಲೆಯ ಘೋಷಣೆಯಲ್ಲಿರುವ ಎಂಟು ಸಹಿಗಳಲ್ಲಿ ಅವರ ಎರಡೂ ದೇಶಗಳ ಸಹಿ ಇದೆ. ಆ ಕಾಗದವನ್ನು ಮತ್ತೆ ಮೇಜಿನ ಮೇಲೆ ತೆಗೆದಿಡಲು ಸ್ವೀಡನ್ನಿನ ಹಣ ಬೇಕಿಲ್ಲ. ಮುಂದಿನ ಭತ್ತದ ಕೊಯ್ಲಿಗೆ ಮೊದಲೇ ಅದನ್ನು ಮಾಡಬಹುದು.